ಎಲುಬಿನ ಹಳ್ಳದ ಗಿಡಗಳು

ನನ್ನ ಹೆಂಡತಿ ಹಾಸನದವಳು. ಅವಳಿಗೆ ಗಿಡ ಎಂದರೆ ಮೊಣಕಾಲೆತ್ತರದ್ದು, ಹೆಚ್ಚೆಂದರೆ ದಾಸವಾಳದಷ್ಟು. ಅದಕ್ಕಿಂತ ಎತ್ತರವಾದದ್ದೆಲ್ಲ ಮರ. ನಾನು ವಿಜಯಪುರ ಜಿಲ್ಲೆಯವನು. ನಮ್ಮಲ್ಲಿ ಬೇವಿನ ಗಿಡ, ಹುಣಸೆ ಗಿಡ, ಆಲದ ಗಿಡ. ನೂರು ವರ್ಷ ಹಳೆಯದಾಗಿ, ಅದರ ನೆರಳಿನಲ್ಲಿ ಸಂತೆ ಕೂಡಿದರೂ ಅದು ಗಿಡವೇ. ಅವಳು ಗಿಡ ನೆಡುತ್ತಾಳೆ, ನಾನು ಗಿಡ ಹಚ್ಚುತ್ತೇನೆ. ಮದುವೆಯಾದ ಹೊಸದರಲ್ಲಿ ಇದೊಂದು ತಮಾಷೆಯ ಜಗಳ. ಮೆಲ್ಬರ್ನಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಬ್ಬರೂ ಎರಡನ್ನೂ ಬಿಟ್ಟು ‘ಟ್ರೀ’ ಎಂದು ತೀರ್ಪು ಕೊಟ್ಟ ಮೇಲೆ ಜಗಳ ತಾನಾಗಿ ನಿಂತಿತು. ಈ ಬರಹದಲ್ಲಿ ಗಿಡ ಎಂದಲ್ಲೆಲ್ಲ ದಕ್ಷಿಣದ ಓದುಗರು ಮರ, ಮರವಾಗಬೇಕಿದ್ದದ್ದು, ಮರವಾಗದೆ ಹೋದದ್ದು ಎಂದು ಸಂದರ್ಭ ನೋಡಿಕೊಂಡು ಓದಬೇಕೆಂದು ಕೋರುತ್ತೇನೆ.

ನಾವಿರುವುದು ಮೆಲ್ಬರ್ನಿನ ಪಶ್ಚಿಮ ಬದಿಯಲ್ಲಿ. ಊರಿನ ಪೂರ್ವಕ್ಕೆ ಹೋದರೆ ಗುಡ್ಡ, ಕಾಡು, ಜರೀಗಿಡ, ಮಂಜು. ಪ್ರವಾಸಿಗರ ಫೋಟೋಗಳಲ್ಲಿ ಬರುವುದೆಲ್ಲ ಆ ಕಡೆಯದು. ನಮ್ಮ ಕಡೆ ಬಟಾಬಯಲು. ಮಳೆಯೂ ಆ ಕಡೆಗಿಂತ ಕಡಿಮೆ. ಹೊಸ ಬಡಾವಣೆಗಳು, ಒಂದೇ ಅಚ್ಚಿನ ಮನೆಗಳು, ಬೀಸುಗಾಳಿ. ಮನೆ ಕಟ್ಟಿಸುವಾಗ ಬಿಲ್ಡರು ಬುನಾದಿಗೆಂದು ಹೆಚ್ಚಿಗೆ ಹಣ ಕೇಳಿದ. ಯಾಕೆ ಎಂದರೆ, ಇಲ್ಲಿಯ ಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ, ಕೆಳಗೆ ಕರಿಕಲ್ಲು ಎಂದ. ನಾನು ಸೈಟಿಗೆ ಹೋಗಿ ಒಂದು ಹೆಂಟೆ ಎತ್ತಿ ನೋಡಿದೆ. ಎರೆಮಣ್ಣು! ಜ್ವಾಲಾಮುಖಿಯ ಲಾವಾ ಹರಿದು ತಣ್ಣಗಾದ ಕಲ್ಲು ಕರಗಿ ಆದ ಮಣ್ಣು ಇದು. ನಮ್ಮ ವಿಜಯಪುರದ ಎರೆಯೂ ಅದೇ ಜಾತಿಯ ಕರಿಕಲ್ಲಿನಿಂದ ಆದದ್ದು. ಒಂಬತ್ತು ಸಾವಿರ ಕಿಲೋಮೀಟರಿನಷ್ಟು ಹಾರಿಬಂದು ಮತ್ತೆ ಎರೆಹೊಲದಲ್ಲೇ ಮನೆ ಕಟ್ಟಿದೆನಲ್ಲ ಎಂದು ಹೆಚ್ಚಿನ ಹಣಕ್ಕೆ ಚೌಕಾಸಿ ಮಾಡುವುದನ್ನೂ ಮರೆತೆ. ಲೆಕ್ಕ ಬರೆಯುವವನು ಹೀಗೆ ಮರೆಯಬಾರದು.

ನಮ್ಮೂರು ತಾಳಿಕೋಟೆಯ ಹತ್ತಿರ, ಡೋಣಿ ಹೊಳೆಯ ದಂಡೆಯಲ್ಲಿದೆ. ಡೋಣಿ ತುಂಬಿ ಹರಿದ ವರ್ಷ ಓಣಿ ಓಣಿಗೂ ಜೋಳ ಎನ್ನುವ ಸೀಮೆ. ಜೋಳ ಉಂಟು, ಕಡಲೆ ಉಂಟು, ಗಿಡ ಮಾತ್ರ ಕಮ್ಮಿ. ಕರ್ನಾಟಕದಲ್ಲಿ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹೊಲದ ಬದುವಿನಲ್ಲಿ ಜಾಲಿ, ಊರ ಮುಂದೆ ಒಂದೆರಡು ಬೇವು, ಅಷ್ಟೇ. ಏಪ್ರಿಲ್ ತಿಂಗಳಲ್ಲಿ ನೆಲ ಬಿಟ್ಟ ಬಿರುಕಿನೊಳಗೆ ನಮ್ಮ ಗೋಲಿಗಳು ಬಿದ್ದರೆ ಮತ್ತೆ ಸಿಗುತ್ತಿರಲಿಲ್ಲ.

ಅಪ್ಪ ಕೆ.ಇ.ಬಿ.ಯಲ್ಲಿ ಲೈನ್‌ಮನ್. ಕೆಲಸದ ಅರ್ಧ ಭಾಗ ತಂತಿಗೆ ತಾಗುವ ಟೊಂಗೆ ಕಡಿಯುವುದು. ಮಳೆಗಾಲಕ್ಕೆ ಮೊದಲು ಕೊಡಲಿ ಹಿಡಿದು ಸೈಕಲ್ ಮೇಲೆ ಊರೂರು ತಿರುಗುತ್ತಿದ್ದ. ಊರಲ್ಲಿ ಇರುವುದೇ ನಾಲ್ಕು ಗಿಡ, ಅದನ್ನೂ ಇವನು ಬೋಳಿಸುತ್ತಾನೆ ಎಂದು ಹೆಂಗಸರು ಬೈಯುತ್ತಿದ್ದರು. ಆ ಬೈಗುಳಕ್ಕೆ ಉತ್ತರವಾಗಿಯೋ ಏನೋ, ನಾನು ಹುಟ್ಟಿದ ವರ್ಷ ಮನೆಯ ಮುಂದೆ, ತಂತಿಯಿಂದ ಅಳತೆ ಮಾಡಿ ದೂರದಲ್ಲಿ, ಒಂದು ಬೇವು ಹಚ್ಚಿದನಂತೆ. ಬಚ್ಚಲದ ನೀರು ಅದರ ಬುಡಕ್ಕೆ ಹೋಗುವ ಹಾಗೆ ಸಣ್ಣ ಕಾಲುವೆ ತೋಡಿದ್ದ. ಮನೆಯವರೆಲ್ಲ ಜಳಕ ಮಾಡಿದ ನೀರು ಕುಡಿದು ಬೆಳೆದ ಗಿಡ ಅದು. ನಮ್ಮೂರ ಲೆಕ್ಕದಲ್ಲಿ ನನಗೊಬ್ಬ ತಮ್ಮ.

2021ರ ಮೇ ತಿಂಗಳಲ್ಲಿ ಅಪ್ಪ ಹೋದ. ಎರಡನೇ ಅಲೆ. ಇಲ್ಲಿಂದ ಹೊರಡಲು ಸರ್ಕಾರದ ಅನುಮತಿ ಬೇಕು, ಹೋದರೆ ಎಂದು ತಿರುಗಿ ಬರುತ್ತೇವೆಂಬ ಖಾತ್ರಿಯಿಲ್ಲ. ಆ ತಿಂಗಳ ಮೊದಲ ಎರಡು ವಾರವಂತೂ ಭಾರತದಲ್ಲಿದ್ದವರು ಆಸ್ಟ್ರೇಲಿಯಾಕ್ಕೆ ಬರುವುದೇ ಶಿಕ್ಷೆಗೆ ಗುರಿಯಾಗುವ ಅಪರಾಧ ಎಂದು ಆಜ್ಞೆಯಿತ್ತು. ಅಪ್ಪನನ್ನು ಅದೇ ಬೇವಿನ ಗಿಡದ ಕೆಳಗೆ ಸ್ವಲ್ಪ ಹೊತ್ತು ಇಟ್ಟಿದ್ದರು. ಕಾಕಾನ ಮಗ ಫೋನು ಹಿಡಿದು ತೋರಿಸಿದ. ಚಿತ್ರ ಆಗಾಗ ನಿಲ್ಲುತ್ತಿತ್ತು. ನನಗೆ ನೆನಪಿರುವುದು ಅಪ್ಪನ ಮುಖಕ್ಕಿಂತ, ಅವನ ಮೇಲೆ ಅಲ್ಲಾಡುತ್ತಿದ್ದ ನೆರಳು.

ಅದಾದ ಮೇಲೆ ನಾನೊಂದು ನಿಯಮ ಮಾಡಿಕೊಂಡೆ. ಬಾಗಿಲು ತೆರೆದ ಮೇಲೆ ಪ್ರತಿ ವರ್ಷ ಡಿಸೆಂಬರ್-ಜನವರಿಯಲ್ಲಿ ನಾಲ್ವರೂ ಊರಿಗೆ ಹೋಗುವುದು, ಅವ್ವನ ಜೊತೆ ಐದು ವಾರ ಇರುವುದು. ಟಿಕೆಟಿನ ದರ ಎಷ್ಟೇ ಇರಲಿ. ಇದನ್ನು ಇಲ್ಲಿ ಬರೆಯುವ ಕಾರಣ ಮುಂದೆ ಗೊತ್ತಾಗುತ್ತದೆ.

ಗಿಡ ಹಚ್ಚುವ ಯೋಚನೆ ಬಂದದ್ದು ಮಗಳಿಂದ. ಇಲ್ಲಿ ಜುಲೈ ತಿಂಗಳ ಕೊನೆಯ ಭಾನುವಾರ ರಾಷ್ಟ್ರೀಯ ವೃಕ್ಷ ದಿನ, 1996ರಿಂದ ನಡೆದುಬಂದಿದೆ. ಅದರ ಹಿಂದಿನ ಶುಕ್ರವಾರ ಶಾಲೆಗಳದ್ದು. ನಮ್ಮಲ್ಲೂ ಜುಲೈ ಎಂದರೆ ವನಮಹೋತ್ಸವವೇ. 1950ರಲ್ಲಿ ಕೆ.ಎಂ. ಮುನ್ಶಿಯವರು ಕೇಂದ್ರದ ಕೃಷಿ ಮಂತ್ರಿಯಾಗಿದ್ದಾಗ ಶುರುಮಾಡಿದ್ದು. ತಿಂಗಳು ಒಂದೇ, ಕಾರಣ ಬೇರೆ. ಅಲ್ಲಿ ಮುಂಗಾರು, ಇಲ್ಲಿ ಚಳಿಗಾಲ. ಇಲ್ಲಿ ಚಳಿಯಲ್ಲಿ ನೆಲ ಹಸಿಯಾಗಿರುತ್ತದೆ, ಬೇಸಿಗೆ ಬರುವಷ್ಟರಲ್ಲಿ ಬೇರು ಸ್ವಲ್ಪ ಇಳಿದಿರಬೇಕು. 2022ರ ಜುಲೈನಲ್ಲಿ ಒಂದನೇ ಕ್ಲಾಸಿನ ಮಗಳು ಶಾಲೆಯಿಂದ ಒಂದು ಚೀಟಿ ತಂದಳು, ನಾವು ಅಪ್ಪನ ಹೆಸರಿನಲ್ಲಿ ಎಂದುಕೊಂಡು ಭಾನುವಾರ ಹೊರಟೆವು.

ಜಾಗದ ಹೆಸರು ಸ್ಕೆಲಿಟನ್ ಕ್ರೀಕ್. ಅಸ್ಥಿಪಂಜರದ ಹಳ್ಳ! ಅಪ್ಪನ ಹೆಸರಿನಲ್ಲಿ ಗಿಡ ಹಚ್ಚಲು ಹೊರಟವನಿಗೆ ಇಂಥ ಹೆಸರು ಸಿಗಬೇಕೇ ಎಂದು ಹೆಂಡತಿ ನಕ್ಕಳು. ಬಡಾವಣೆಗಳ ನಡುವೆ ಹರಿದು ಸಮುದ್ರ ಸೇರುವ ಸಣ್ಣ ಹಳ್ಳ. ಅದರ ದಂಡೆ ನೋಡಿಕೊಳ್ಳುವ ಊರಿನವರ ಗುಂಪೊಂದಿದೆ. ಅದನ್ನು ನಡೆಸುವವರು ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಟೀಚರು. ಕೈಗೆ ಗ್ಲೌಸು, ತಲೆಗೆ ಉಣ್ಣೆ ಟೋಪಿ, ಶಾಲೆಯ ಅಂಗಳಕ್ಕೂ ಸಾಲುವ ದನಿ.

ಆಕೆ ಮೊದಲು ಹೇಳಿದ್ದು ಎಲ್ಲಿ ಗಿಡ ಹಚ್ಚಬಾರದು ಎಂಬುದನ್ನು. ಹಳ್ಳದಿಂದ ಮೇಲೆ ಇರುವ ಬಯಲಿನಲ್ಲಿ ಕಾಲಿಡಬೇಡಿ ಎಂದರು. ಈ ಸೀಮೆ ಮೂಲತಃ ಕಾಡಲ್ಲ, ಹುಲ್ಲುಗಾವಲು. ಬಿಳಿಯರು ಬಂದು ಉತ್ತು, ಕುರಿ ಮೇಯಿಸಿ, ಈಗ ಮನೆ ಕಟ್ಟಿ, ಆ ಹುಲ್ಲುಗಾವಲಿನಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಉಳಿದಿದೆ. ಅಲ್ಲಿ ಗಿಡ ಹಚ್ಚಿದರೆ ಉಪಕಾರವಲ್ಲ, ಅಪಕಾರ. ಗಿಡ ಎಂದರೆ ಹಳ್ಳದ ದಂಡೆಗೆ, ಅದೂ ಇಲ್ಲಿಯ ತಳಿಯೇ ಆಗಬೇಕು. ಗಿಡ ಹಚ್ಚುವುದು ಎಲ್ಲಿಯಾದರೂ ಪುಣ್ಯವೇ ಎಂದು ತಿಳಿದಿದ್ದ ನನಗೆ ಇದು ಹೊಸದು. ಆದರೆ ಯೋಚಿಸಿದರೆ ನಮಗೂ ಗೊತ್ತಿರುವ ಸಂಗತಿಯೇ. ಇಲ್ಲಿಯ ನೀಲಗಿರಿ ಗಿಡವನ್ನು ನಮ್ಮ ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ ತುಂಬಿ, ಆಮೇಲೆ ಅಂತರ್ಜಲ ಹೀರಿತೆಂದು ತಲೆಯ ಮೇಲೆ ಕೈ ಹೊತ್ತವರು ನಾವೇ ಅಲ್ಲವೆ? ಇತ್ತ ನಮ್ಮ ಕರಿಜಾಲಿಯನ್ನು ಇವರು ಕ್ವೀನ್ಸ್‌ಲ್ಯಾಂಡಿಗೆ ನೆರಳಿಗೂ ಮೇವಿಗೂ ಎಂದು ತರಿಸಿ, ಅದು ಬಯಲೆಲ್ಲ ಹಬ್ಬಿ, ಈಗ ಇಡೀ ದೇಶಕ್ಕೆ ಕಂಟಕವಾದ ಕಳೆಗಳ ಪಟ್ಟಿಯಲ್ಲಿದೆ.

ಸಸಿಗಳು ಬೆರಳುದ್ದದವು, ಉದ್ದನೆಯ ಸಣ್ಣ ಪ್ಲಾಸ್ಟಿಕ್ ಕೊಳವೆಗಳಲ್ಲಿ ಬೆಳೆಸಿದವು. ಮೊದಲು ಬಕೆಟ್ ನೀರಿನಲ್ಲಿ ಅದ್ದಬೇಕು, ಗುಳ್ಳೆ ಬರುವುದು ನಿಲ್ಲುವ ತನಕ. ತೆಗ್ಗು ತೋಡಿ, ಬೇರನ್ನು ಸ್ವಲ್ಪ ಸಡಿಲಿಸಿ, ನೆಲಕ್ಕಿಂತ ಒಂದಿಷ್ಟು ಕೆಳಗೆ ಕೂರುವಂತೆ ಇಟ್ಟು, ಸುತ್ತ ನೀರು ನಿಲ್ಲುವ ಹಾಗೆ ಮಡಿ ಮಾಡಬೇಕು. ಮೂರು ಕೋಲು ಹುಗಿದು ಅದರ ಸುತ್ತ ಪ್ಲಾಸ್ಟಿಕ್ ಅಂಗಿ ತೊಡಿಸಬೇಕು, ಇಲ್ಲವಾದರೆ ಮೊಲಗಳಿಗೆ ರಾತ್ರಿಯ ಊಟ. ವಾಟಲ್ ಎಂಬ ಇಲ್ಲಿಯ ಜಾಲಿ ಜಾತಿಯವು, ನಮ್ಮ ಸರ್ವೆಯ ಬಳಗದ ಶೀಓಕ್, ಕೆಲವು ರೆಡ್ ಗಮ್. ಮಗ, ಮಗಳು, ನಾವಿಬ್ಬರು ಸೇರಿ ಅಂದು 40 ಸಸಿ ಹಚ್ಚಿದೆವು. ಬೂಟಿಗೆ ಎರೆಮಣ್ಣು ಅಂಟಿ ಕಾಲು ಎರಡೆರಡು ಕಿಲೋ ಭಾರವಾದಾಗ, ನಲವತ್ತು ದಾಟಿದ ಮೇಲೆ ಮೊದಲ ಸಲ ಊರಿನ ಹೊಲದಲ್ಲಿ ನಡೆದಂತಾಯಿತು. ಹೊರಡುವಾಗ ಆ ಟೀಚರು ಎಲ್ಲರಿಗೂ ಹೇಳಿದರು: ಜನವರಿಯಲ್ಲಿ ಬನ್ನಿ, ಕಳೆ ತೆಗೆಯಲು, ನೀರು ಹಾಕಲು. ಎಲ್ಲರೂ ತಲೆಯಾಡಿಸಿದೆವು.

ಆ ಜನವರಿಯಲ್ಲಿ ನಾವು ಊರಲ್ಲಿದ್ದೆವು. ಆದರೆ 2022ರ ವಸಂತದಲ್ಲಿ ಇಲ್ಲಿ ಎಂಥ ಮಳೆಯೆಂದರೆ, ಅಕ್ಟೋಬರಿನಲ್ಲಿ ಮೆಲ್ಬರ್ನಿನ ಮರಿಬರ್ನಾಂಗ್ ನದಿಯೇ ಉಕ್ಕಿ ಮನೆಗಳಿಗೆ ನುಗ್ಗಿತ್ತು. ನಮ್ಮ ಸಸಿಗಳು ತಾವಾಗಿಯೇ ಬದುಕಿದವು. ಮಾರ್ಚಿನಲ್ಲಿ ಹೋಗಿ ನೋಡಿದರೆ ಕೆಲವು ಆಗಲೇ ಅಂಗಿಯಿಂದ ತಲೆ ಹೊರಗೆ ಹಾಕಿದ್ದವು. ನಾನು ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಕಾಕಾ, ಮಾವ, ಹಳೆಯ ಸಹಪಾಠಿಗಳೆಲ್ಲ ಹೆಬ್ಬೆರಳು ಎತ್ತಿದರು. ಮಳೆಯ ಆದಾಯವನ್ನು ನನ್ನ ದುಡಿಮೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಇದೇ ಕೆಲಸವನ್ನು ನನ್ನ ಗ್ರಾಹಕರು ಮಾಡಿದರೆ ನಾನು ಒಪ್ಪುವುದಿಲ್ಲ.

2024ರಲ್ಲಿ ಇನ್ನಷ್ಟು ಜೋರು. ಕನ್ನಡದ ಮೂರು ಕುಟುಂಬಗಳನ್ನು ಜೊತೆಗೆ ಕರೆದೆ. ಚಿತ್ರಾನ್ನ, ಮೊಸರನ್ನ, ಫ್ಲಾಸ್ಕಿನಲ್ಲಿ ಚಹಾ. ಕೆಂಪು-ಹಳದಿ ಶಾಲು ಕೂಡ ಯಾರೋ ತಂದಿದ್ದರು. ನಮ್ಮ ಮನೆಯವರ ಪಾಲಿನದೇ 60 ಸಸಿ. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದೇವೆ.

ಡಿಸೆಂಬರಿನಲ್ಲಿ ಎಂದಿನಂತೆ ಹೊರಟೆವು. ಜನವರಿಯ ಒಂದು ಸಂಜೆ ಬೇವಿನ ಗಿಡದ ಕೆಳಗೆ ಹಾಸಿಗೆ ಹಾಸಿಕೊಂಡು ಕೂತಿದ್ದೆವು. ಅವ್ವ ನನ್ನ ಫೋನಿನಲ್ಲಿ ಆ ಫೋಟೋಗಳನ್ನು ಬೆರಳಿನಿಂದ ಸರಿಸುತ್ತಾ ನೋಡಿದಳು. ಎಲ್ಲ ನೋಡಿದ ಮೇಲೆ ಕೇಳಿದಳು:

“ತಮ್ಮಾ, ನೀವ ನಾಕೂ ಮಂದಿ ಇಲ್ಲಿ ಬಂದು ಕುಂತೀರಿ. ಅಲ್ಲಿ ಈಗ ಬ್ಯಾಸಗಿ ಅಂತಿ. ಗಿಡಕ್ಕ ನೀರ ಯಾರ ಹಾಕ್ತಾರು?”

“ಅಲ್ಲಿ ಮಳಿ ಬರತೈತಿ ಅವ್ವಾ.”

“ಬಂದೈತೇನು?”

ನಾನು ಫೋನಿನಲ್ಲಿ ಹವಾಮಾನ ನೋಡುವ ನೆಪ ಮಾಡಿದೆ. ಅವ್ವ ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

2024ರ ಆರಂಭದಿಂದಲೇ ವಿಕ್ಟೋರಿಯಾದ ಪಶ್ಚಿಮ ಭಾಗದಲ್ಲಿ ಮಳೆ ಕೈಕೊಟ್ಟಿತ್ತು. ಆ ಬೇಸಿಗೆಯಲ್ಲಿ ರೈತರು ದನಗಳಿಗೆ ಮೇವು ಕೊಂಡು ತರುತ್ತಿದ್ದುದು ಸುದ್ದಿಯಲ್ಲಿ ಬರುತ್ತಿತ್ತು. ಫೆಬ್ರವರಿಯ ಮೊದಲ ಶನಿವಾರ ಹಳ್ಳಕ್ಕೆ ಹೋದೆವು. ಸೊಂಟದೆತ್ತರ ಒಣಹುಲ್ಲು. ಅದರ ನಡುವೆ ಪ್ಲಾಸ್ಟಿಕ್ ಅಂಗಿಗಳು ಸಾಲಾಗಿ ನಿಂತಿದ್ದವು, ಒಳಗೆ ಕಡ್ಡಿ. ನೆಲದಲ್ಲಿ ಮಗಳ ಅಂಗೈ ಹೋಗುವಷ್ಟು ಬಿರುಕು. ಆಕೆ ಒಂದೊಂದೇ ಅಂಗಿಯೊಳಗೆ ಇಣುಕಿ “ಡೆಡ್”, “ಡೆಡ್” ಎನ್ನುತ್ತಾ ಹೋದಳು. ಹತ್ತಿಪ್ಪತ್ತು ಆದ ಮೇಲೆ ಹೇಳುವುದನ್ನು ನಿಲ್ಲಿಸಿ ಬರೀ ತಲೆಯಾಡಿಸಿದಳು. 60ರಲ್ಲಿ 7 ಬದುಕಿದ್ದವು. 2022ರ 40ರಲ್ಲಿ 29.

ಅಲ್ಲಿ ನಿಂತಾಗ ನನಗೆ ಹುಬ್ಬಳ್ಳಿ ನೆನಪಾಯಿತು. ಬಿ.ಕಾಂ. ಮುಗಿಸಿ ಅಲ್ಲಿ ಸಿ.ಎ. ಆರ್ಟಿಕಲ್‌ಶಿಪ್ ಮಾಡುತ್ತಿದ್ದ ದಿನಗಳು. ಒಂದು ಸಂಸ್ಥೆಯ ಆಡಿಟ್. ಪ್ರತಿ ವರ್ಷವೂ ಎರಡು ಸಾವಿರ ಸಸಿ ಹಚ್ಚಿದ ಖರ್ಚಿಗೆ ವೋಚರುಗಳು, ರಸೀದಿ, ಅತಿಥಿಗಳ ಫೋಟೋ, ಎಲ್ಲ ಸರಿಯಾಗಿತ್ತು. ನಮ್ಮ ಸರ್ ನನ್ನನ್ನು ಕರೆದು, “ಹೋಗಿ ಎಣಿಸಿಕೊಂಡು ಬಾ” ಎಂದರು. ಬಸ್ಸು ಹಿಡಿದು ಹೋದೆ. ಗುಡ್ಡದ ಓರೆಯಲ್ಲಿ ತೆಗ್ಗುಗಳ ಸಾಲು ಇತ್ತು. ನಾಲ್ಕು ವರ್ಷ ಅದೇ ತೆಗ್ಗಿಗೆ ಅದೇ ಹಬ್ಬ. ಹಸಿರಿದ್ದದ್ದು ಬರೀ ಹೊಂಗೆಯ ನಾಲ್ಕಾರು ಗಿಡ. ತಿರುಗಿ ಬಂದು, ಇಪ್ಪತ್ತೆರಡು ವರ್ಷದ ಹುಡುಗನ ಹುಮ್ಮಸ್ಸಿನಲ್ಲಿ, ಇದು ಮೋಸ ಎಂದು ಎರಡು ಪುಟ ಬರೆದೆ. ಸರ್ ಓದಿ, ಮೋಸ ಎಂಬ ಪದ ಹೊಡೆದುಹಾಕಿ, “ಇವರು ಸಸಿ ಕದ್ದಿಲ್ಲೋ. ಹಚ್ಚಿದಾರ. ತಿರುಗಿ ಹೋಗಿಲ್ಲ, ಅಷ್ಟ” ಎಂದರು. ಅಂದು ನನಗೆ ಅದು ಸಂಸ್ಥೆಯವರ ಪರವಾದ ಮಾತು ಎನಿಸಿತ್ತು.

ನಮ್ಮ ವೃತ್ತಿಯಲ್ಲಿ ಬೆಳೆಯುವ ಗಿಡಕ್ಕೂ ಒಂದು ಲೆಕ್ಕದ ಮಾನದಂಡವಿದೆ. ತೋಟದ ಬೆಳೆ, ಸಾಕಿದ ಕುರಿ, ಕಡಿದು ಮಾರುವ ಮರ ಎಲ್ಲಕ್ಕೂ ಮಾರುಕಟ್ಟೆಯ ಬೆಲೆ ಕಟ್ಟಿ ಪುಸ್ತಕಕ್ಕೆ ತರಬೇಕು. ಆದರೆ ಹಳ್ಳದ ದಂಡೆಯ ನಮ್ಮ ಗಿಡ ಯಾರ ಪುಸ್ತಕಕ್ಕೂ ಬರುವುದಿಲ್ಲ. ಹಚ್ಚಿದವರ ಸ್ವತ್ತಲ್ಲ, ಮಾರುವಂತಿಲ್ಲ. ಸತ್ತರೂ ಯಾರೂ ನಷ್ಟ ಬರೆಯುವುದಿಲ್ಲ. ಹಾಗಾಗಿಯೇ ಇರಬೇಕು, ಇದರ ಲೆಕ್ಕ ಕೇಳುವವರೂ ಇಲ್ಲ.

ನಮ್ಮ ಮನೆಯಲ್ಲಿ ಮಾತ್ರ ಒಬ್ಬ ಕೇಳಿದ. ಮಗನಿಗೆ ಆಗ ಹದಿಮೂರು ತುಂಬುತ್ತಿತ್ತು. ಹಳ್ಳದಿಂದ ಬಂದ ಮರುದಿನ ರಾತ್ರಿ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. ಎಕ್ಸೆಲ್ ಹಾಳೆ. ನನ್ನಿಂದಲೇ ಕಲಿತದ್ದು. ಒಂದು ಕಡೆ ನಮ್ಮ ಊರಿನ ಪ್ರಯಾಣ: ಮೆಲ್ಬರ್ನಿನಿಂದ ಬೆಂಗಳೂರು, ಹೋಗಿಬರಲು, ಒಬ್ಬರಿಗೆ ಅಂದಾಜು ಒಂದೂಮುಕ್ಕಾಲು ಟನ್ ಇಂಗಾಲದ ಡೈಆಕ್ಸೈಡ್, ನಾಲ್ವರಿಗೆ 7 ಟನ್. ಒಂದೊಂದು ಕ್ಯಾಲ್ಕುಲೇಟರ್ ಒಂದೊಂದು ಹೇಳುತ್ತದೆ, ಇದು ನಡುವಿನದು ಎಂದು ಟಿಪ್ಪಣಿಯನ್ನೂ ಬರೆದಿದ್ದ. ಇನ್ನೊಂದು ಕಡೆ ಗಿಡ: ಚೆನ್ನಾಗಿ ಬೆಳೆದ ಒಂದು ಗಿಡ ವರ್ಷಕ್ಕೆ 20 ಕಿಲೋ ಹೀರುತ್ತದೆ ಎಂದಿಟ್ಟುಕೊಳ್ಳೋಣ. ಬದುಕಿರುವುದು 36. ಅವು ದೊಡ್ಡವಾದ ಮೇಲೆ ವರ್ಷಕ್ಕೆ 720 ಕಿಲೋ. ನಮ್ಮ ಒಂದು ವರ್ಷದ ಪ್ರಯಾಣಕ್ಕೆ ಬೇಕಾದದ್ದು 350 ದೊಡ್ಡ ಗಿಡ.

“ಅಪ್ಪಾ, ಇದು ಬ್ಯಾಲೆನ್ಸ್ ಆಗಲ್ಲ” ಎಂದ.

ನಾನು ಸಿಟ್ಟಾದೆ. “ಹಂಗಾದ್ರ ಆಯಿನ್ನ ನೋಡೂದು ಬಿಟ್ಟುಬಿಡೋಣೇನು?” ಎಂದು ಜೋರಾಗಿಯೇ ಕೇಳಿದೆ. ನಾನು ಸಿಟ್ಟಿಗೆದ್ದಾಗ ಮಾತು ತಾಳಿಕೋಟೆಗೆ ಹೋಗುತ್ತದೆ. ಅವನು ಹೆದರಲಿಲ್ಲ, ಅಳಲೂ ಇಲ್ಲ. “ನಾನು ಹಾಗೆ ಹೇಳಲಿಲ್ಲ. ನಂಬರ್ ಹೇಳಿದೆ” ಎಂದು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದ. ನಾನು ಕಚೇರಿಯಲ್ಲಿ ಸಿಟ್ಟಾಗುವ ಗ್ರಾಹಕರಿಗೆ ಹೇಳುವ ಮಾತೇ ಅದು, ಅದೇ ದನಿಯಲ್ಲಿ. ಹೆಂಡತಿ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. “ಅವನ ಲೆಕ್ಕದಲ್ಲಿ ತಪ್ಪೇನಿದೆ ಹೇಳಿ?” ಎಂದಳಷ್ಟೆ.

ತಪ್ಪೇನೂ ಇರಲಿಲ್ಲ. ಅಪ್ಪನ ಕಡೆಯ ಮುಖ ನೋಡಲಾಗದವನು ಅವ್ವನನ್ನಾದರೂ ವರ್ಷಕ್ಕೊಮ್ಮೆ ನೋಡುತ್ತೇನೆ ಎಂಬುದು ಅವನ ಹಾಳೆಯ ಯಾವ ಕಾಲಂನಲ್ಲೂ ಇರಲಿಲ್ಲ, ನಿಜ. ಆದರೆ ಆ ಕಾರಣ ಹೇಳಿದರೆ 7 ಟನ್ 6 ಆಗುವುದಿಲ್ಲ. ಇನ್ನೂ ಒಂದು ಸಂಗತಿ ಅವನು ಹಾಳೆಯಲ್ಲಿ ಬರೆದಿರಲಿಲ್ಲ, ನನಗೆ ಹೊಳೆಯಿತು. ಗಿಡಗಳಿಗೆ ನೀರು ಬೇಕಾದ ಐದು ವಾರ ಮತ್ತು ನಾವು ಊರಿನಲ್ಲಿರುವ ಐದು ವಾರ ಒಂದೇ. ಅಲ್ಲಿ ಬೇವಿನ ನೆರಳಲ್ಲಿ ಕೂತಾಗಲೇ ಇಲ್ಲಿ ಇವು ಸಾಯುತ್ತಿದ್ದವು.

ಈ ವಿಷಯ ತಿಂಗಳುಗಟ್ಟಲೆ ಮನೆಯಲ್ಲಿ ಯಾರೂ ಎತ್ತಲಿಲ್ಲ. 2025ರ ಜುಲೈ ಬಂತು. ಗುಂಪಿನವರಿಗೆ ನಮಗೆ ಇಪ್ಪತ್ತೇ ಸಸಿ ಸಾಕು ಎಂದೆ. ಕನ್ನಡದ ಗೆಳೆಯರೊಬ್ಬರು, “ಏನ್ ಸಾರ್, ಈ ಸಲ ರಿಸೆಷನ್ನಾ?” ಎಂದು ನಕ್ಕರು. ಟೀಚರಮ್ಮ ಮಾತ್ರ ನಗಲಿಲ್ಲ. ಪ್ರತಿಯೊಂದರ ಸುತ್ತ ಒಂದು ಮೀಟರ್ ಹುಲ್ಲು ಕಿತ್ತು ಮರದ ಚಕ್ಕೆ ಹಾಸಿ ಎಂದರು. ಬಾಯಾರಿಕೆಯಿಂದ ಸಾಯುವುದಕ್ಕಿಂತ ಮೊದಲು ಪಕ್ಕದ ಹುಲ್ಲು ನೀರು ಕದ್ದು ಸಾಯಿಸುತ್ತದೆ, ಕಳೆದ ಸಲ ನಿಮ್ಮವು ಸತ್ತದ್ದು ಹಾಗೆ ಎಂದರು. ಆಕೆಗೆ ಎಲ್ಲ ಗೊತ್ತಿತ್ತು. ಒಂದು ದಿನವೂ ಫೋನ್ ಮಾಡಿ ಯಾಕೆ ಬರಲಿಲ್ಲ ಎಂದು ಕೇಳಿರಲಿಲ್ಲ. ನನ್ನಂಥವರನ್ನು ಅವರು ಎಷ್ಟು ಜನರನ್ನು ನೋಡಿದ್ದಾರೋ.

ಕೊನೆಗೆ ದಾರಿ ಹೇಳಿದವಳು ಹೆಂಡತಿ. ಈ ಸಲ ನಾವು ನಾಲ್ವರು ಹೋಗುವ ಬದಲು ಅತ್ತೆಯನ್ನೇ ಕರೆಸಿದರೆ? ನಾಲ್ಕು ಸೀಟಿನ ಬದಲು ಒಂದು. ಮಗನ ಮುಖ ಅರಳಿತು, ಆದರೆ ನನಗೆ ಅಳುಕು. ಎಪ್ಪತ್ತೆರಡು ವರ್ಷ, ಮಂಡಿನೋವು, ಇಂಗ್ಲಿಷ್ ಬಾರದು, ತಾನು ಒಬ್ಬಳೇ ವಿಮಾನ ಹತ್ತಿದವಳಲ್ಲ. ಗಿಡಕ್ಕೆ ನೀರು ಹಾಕಲೆಂದು ಮುದುಕಿಯನ್ನು ಹಾರಿಸಿ ತರುವುದು ಯಾವ ನ್ಯಾಯ? ಅವ್ವನನ್ನೇ ಕೇಳಿದೆ. “ಗಿಡ ಯಾರ ಹೆಸರೀಲೆ ಹಚ್ಚೀರಿ?” ಎಂದಳು. ಅಪ್ಪನ ಹೆಸರಿನಲ್ಲಿ ಎಂದೆ. “ಮತ್ತ ನೀರ ಹಾಕೂದು ನಾನ ಅಲ್ಲೇನು?” ಎಂದಳು.

ನವೆಂಬರಿನ ಮೊದಲ ವಾರ ಬಂದಿಳಿದಳು, ಬೆಂಗಳೂರಿನಿಂದ ಬರುತ್ತಿದ್ದ ಪರಿಚಯದವರ ಜೊತೆ. ಸೀರೆಯ ಸೆರಗಿನ ಗಂಟಿನಲ್ಲಿ ಏನಿದೆ ಎಂದು ಅವರು ವಿಮಾನದಲ್ಲೇ ಕೇಳಿದ್ದರಂತೆ. ಬೇವಿನ ಬೀಜ. ಕಾರ್ಡಿನಲ್ಲಿ ‘ಹೌದು’ ಎಂದು ಗುರುತು ಹಾಕಿಸಿದ್ದು ಒಳ್ಳೆಯದಾಯಿತು. ಅಧಿಕಾರಿ ಬೀಜಗಳನ್ನು ತೆಗೆದಿಟ್ಟುಕೊಂಡು ನಮಸ್ಕಾರ ಮಾಡಿ ಕಳಿಸಿದ, ದಂಡ ಬೀಳಲಿಲ್ಲ. “ಬೇವಿನ ಬೀಜದಾಗ ಏನ ಇಸ ಇರತೈತಿ?” ಎಂದು ಅವ್ವ ಕಾರಿನಲ್ಲಿ ಗೊಣಗಿದಳು. ಈ ದೇಶದ ಉತ್ತರ ಭಾಗದಲ್ಲಿ ಬೇವು ಕೂಡ ಕಳೆಯ ಪಟ್ಟಿಯಲ್ಲಿದೆ ಎಂದು ಹೇಳಿದೆ. ನಂಬಲಿಲ್ಲ. ಮೆಲ್ಬರ್ನಿನ ಚಳಿಗೆ ಬೇವು ಹೇಗೂ ಬದುಕದು ಎಂದಾಗ ಮಾತ್ರ, “ಹೂಂ, ಅದು ಖರೆ” ಎಂದು ಶಾಲು ಎಳೆದುಕೊಂಡಳು.

ಹಳ್ಳದ ಹೆಸರಿನ ಅರ್ಥ ಮೊಮ್ಮಗಳು ವಿವರಿಸಿದಳು. ಅಂದಿನಿಂದ ಅವ್ವನಿಗೆ ಅದು ಎಲುಬಿನ ಹಳ್ಳ. ವಾರಕ್ಕೊಂದು ಸಲ, ಶನಿವಾರ ಬೆಳಿಗ್ಗೆ, ಇಪ್ಪತ್ತು ಲೀಟರಿನ ಐದು ಕ್ಯಾನು ಕಾರಿನ ಹಿಂದೆ. ಗಿಡಕ್ಕೆ ಐದು ಲೀಟರ್. ಮಗ ಸರಸರ ಸುರಿದು ಮುಂದಿನದಕ್ಕೆ ಹೋಗುತ್ತಿದ್ದ. ಅವ್ವ ತಡೆದಳು. ಎರಿಗೆ ಹಂಗ ಹಾಕಿದ್ರ ಬಿರುಕಿನ್ಯಾಗ ಇಳಿದು ಹೋಗತೈತಿ, ಬೇರಿಗೆ ಸಿಗೂದಿಲ್ಲ ಎಂದು, ಮೊದಲು ಬಿರುಕಿಗೆ ಮಣ್ಣು ತುಂಬಿಸಿ ಕೈಯಿಂದ ಒತ್ತಿಸಿದಳು. ಊರಲ್ಲಾದರೆ ತಳಕ್ಕೆ ಸಣ್ಣ ತೂತು ಮಾಡಿದ ಗಡಿಗೆ ಹುಗಿದು ನೀರು ತುಂಬಿಸಿಡುತ್ತಿದ್ದರು. ಇಲ್ಲಿ ಗಡಿಗೆ ಎಲ್ಲಿಂದ ತರುವುದು? ಹಾಲಿನ ಖಾಲಿ ಕ್ಯಾನುಗಳಿಗೆ ಸೂಜಿಯಿಂದ ತೂತು ಹಾಕಿ ಪ್ರತಿ ಬುಡದಲ್ಲಿ ಒಂದೊಂದು ಇಟ್ಟು, ಅದು ಹನಿ ಹನಿ ಇಳಿಯುವ ತನಕ ಕಳೆ ಕಿತ್ತು, ಕ್ಯಾನುಗಳನ್ನು ತಿರುಗಿ ತರುವ ವ್ಯವಸ್ಥೆ ಮಾಡಿದೆವು. ಅರ್ಧ ಗಂಟೆಯ ಕೆಲಸ ಮೂರು ಗಂಟೆಯಾಯಿತು. ಅವ್ವ ಮಡಚುವ ಕುರ್ಚಿಯ ಮೇಲೆ, ಮಗಳ ಕ್ರಿಕೆಟ್ ಟೋಪಿ ಹಾಕಿಕೊಂಡು, ಕೈಗೆಟುಕುವಷ್ಟು ಹುಲ್ಲು ಕೀಳುತ್ತಾ ಕೂರುವಳು. ಟೀಚರಮ್ಮ ಒಂದು ದಿನ ಬಂದು ಪಕ್ಕದಲ್ಲಿ ಕೂತರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬಾರದು. ಶೀಓಕ್ ತೋರಿಸಿ ಅವ್ವ “ಸರ್ವಿ” ಎಂದಳು, ಅವರು “ಶೀಓಕ್” ಎಂದರು, ಇಬ್ಬರೂ ತಲೆಯಾಡಿಸಿದರು.

ಅವ್ವ ಬಂದ ಮುಂದಿನ ವಾರ, ನವೆಂಬರ್ 14ರಂದು, ಸಾಲುಮರದ ತಿಮ್ಮಕ್ಕ ತೀರಿಕೊಂಡ ಸುದ್ದಿ ಬಂತು. ಮಗನಿಗೆ ಆಕೆ ಯಾರೆಂದು ಗೊತ್ತಿರಲಿಲ್ಲ. ಹುಲಿಕಲ್ಲಿನಿಂದ ಕುದೂರಿನ ರಸ್ತೆಗುಂಟ ಗಂಡ-ಹೆಂಡತಿ ಕೂಡಿ ಆಲದ ಸಸಿ ಹಚ್ಚಿದ್ದು, ಕೊಡಗಳಲ್ಲಿ ನೀರು ಹೊತ್ತು ಹಾಕಿದ್ದು, ದನ ತಿನ್ನದಂತೆ ಮುಳ್ಳು ಕಟ್ಟಿದ್ದು ಹೇಳಿದೆ. “ಎಷ್ಟು ಮರ?” ಎಂದ. 385 ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಫೆಬ್ರವರಿಯ ಹಾಳೆ ಅವನಿಗೂ ನೆನಪಾಗಿತ್ತು. ಆ ತಾಯಿ ಒಂದು ಜೀವಮಾನದಲ್ಲಿ ಬೆಳೆಸಿದ್ದು, ನಮ್ಮ ಕುಟುಂಬದ ವರ್ಷಕ್ಕೊಂದು ಸಲದ ಪ್ರಯಾಣಕ್ಕೆ ಅವನ ಲೆಕ್ಕದಲ್ಲಿ ಹೆಚ್ಚೂ ಕಡಿಮೆ ಸರಿಹೋಗುತ್ತದೆ. ಅವ್ವನಿಗೆ ಈ ಲೆಕ್ಕ ಹೇಳಲಿಲ್ಲ. ಆಕೆ ಕೇಳಿದ್ದು ಬೇರೆ: “ಮಕ್ಕಳಿರಲಿಲ್ಲಂತ ಆಕಿಗೆ. ಈಗ ಆ ಗಿಡಕ್ಕ ಯಾರ ಇದ್ದಾರು?”

ಬೇಸಿಗೆಯಲ್ಲಿ ಮೂರು ಹೋದವು. ಬಿಸಿಲು 40 ಡಿಗ್ರಿ ಮುಟ್ಟಿ, ಉತ್ತರದ ಗಾಳಿ ಬೀಸಿದ ಒಂದು ವಾರದಲ್ಲೇ ಎರಡು. ಅವತ್ತು ಸಂಜೆ ಹೋಗಿ ನೀರು ಹಾಕಿದರೂ ಉಳಿಯಲಿಲ್ಲ. ಮೂರನೆಯದನ್ನು ಯಾರೋ ಹುಡುಗರು ಸೈಕಲ್ ಹತ್ತಿಸಿದ್ದರು. ಅವ್ವ ಬೇಜಾರು ಮಾಡಿಕೊಳ್ಳಲಿಲ್ಲ, ಇಪ್ಪತ್ತಕ್ಕೆ ಹದಿನೇಳು ಭಾಳ ಆತು ಎಂದಳು. ಆದರೆ ಆ ಮೂರರ ಅಂಗಿಗಳನ್ನು ತೆಗೆಯಲು ಬಿಡಲಿಲ್ಲ. ಬುಡದಿಂದ ಚಿಗುರಬಹುದು, ಇನ್ನೊಂದು ಮಳೆ ನೋಡು ಎಂದಳು.

ಫೆಬ್ರವರಿಯಲ್ಲಿ ಹೊರಡುವ ಹಿಂದಿನ ದಿನ ಕೊನೆಯ ಸಲ ಹಳ್ಳಕ್ಕೆ ಹೋದೆವು. ಕುರ್ಚಿಯಿಂದ ಏಳಲು ನನ್ನ ಭುಜ ಹಿಡಿದಳು. ಮೂರು ತಿಂಗಳಲ್ಲಿ ಹಿಡಿತ ಭಾರವಾಗಿತ್ತು. ಇಲ್ಲಿಯ ಮನೆಯೊಳಗೆ ಹಗಲೆಲ್ಲ ಒಬ್ಬಳೇ ಕೂತು ಆಕೆಗೆ ಬೇಸರ ಬಂದಿತ್ತೆಂಬುದು ನನಗೂ ಗೊತ್ತಿತ್ತು.

“ಮುಂದಿನ ವರ್ಸ ನೀವ ಬರ್ತೀರೋ, ನಾನ ಬರ್ಲೋ?” ಎಂದಳು.

ನಾನು ಮಗನ ಕಡೆ ನೋಡಿದೆ, ಮಗ ನನ್ನ ಕಡೆ ನೋಡಿದ. ಆಕೆ ನಮ್ಮಿಬ್ಬರನ್ನೂ ನೋಡಿ, “ಇರ್ಲಿ, ಡಿಸೆಂಬರ್ ಇನ್ನೂ ದೂರ ಐತಿ” ಎಂದು ಕಾರಿನ ಕಡೆ ನಡೆದಳು.

ಹೋದ ವಾರ ಫೋನ್ ಮಾಡಿದ್ದೆ. ಹಿನ್ನೆಲೆಯಲ್ಲಿ ಬೇವಿನ ಗಿಡದ ಕಾಗೆಗಳು. ಊಟ ಆತೇನು, ಮಂಡಿ ಹೆಂಗೈತಿ, ಎಲ್ಲ ಮುಗಿದ ಮೇಲೆ, “ಹದಿನೇಳೂ ಅದಾವೇನು?” ಎಂದಳು.

“ಹದಿನಾರು ಅವ್ವಾ.”

“ಹೋದದ್ದು ಯಾವುದು?”

ನನಗೆ ಗೊತ್ತಿರಲಿಲ್ಲ. ಶನಿವಾರ ನನಗೆ ಕಚೇರಿಯ ಕೆಲಸ ಬಂದು ಮಗನೂ ಅವನ ತಾಯಿಯೂ ಹೋಗಿ ಬಂದಿದ್ದರು. ಫೋನನ್ನು ಅವನಿಗೆ ಕೊಟ್ಟೆ. ಅವನು ತನ್ನ ಮುರುಕು ಕನ್ನಡದಲ್ಲಿ, ಕಲ್ಲಿನ ಪಕ್ಕದ್ದು, ನೀನು ಕುರ್ಚಿ ಹಾಕುತ್ತಿದ್ದೆಯಲ್ಲ ಅದರ ಎಡಕ್ಕೆ, ಸರ್ವಿ ಅಲ್ಲ, ಆ ಹಳದಿ ಹೂವಿನದು ಎಂದು ವಿವರಿಸತೊಡಗಿದ.